ದುಬಾರಿ ಹೆಡ್‌ಫೋನ್ ಇದ್ದರೆ ಸ್ಪೀಕರ್ ಬೇಡವೇ? ಇಲ್ಲಿದೆ ಅಸಲಿ ವಿಷಯ

“ಒಳ್ಳೆಯ ಹೆಡ್‌ಫೋನ್ ಒಂದಿದ್ದರೆ ಸಾಕು, ಸ್ಟುಡಿಯೊ ಸ್ಪೀಕರ್ ಬೇಡವೇ ಬೇಡ.” ಮನೆಯಲ್ಲೇ ಹಾಡು, ಪಾಡ್‌ಕಾಸ್ಟ್, ಕಿರುಚಿತ್ರ ಮಾಡುವವರ ನಡುವೆ ಈ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ನಂಬಿ ಹತ್ತಾರು ಸಾವಿರ ರೂಪಾಯಿ ಸುರಿಯುವ ಮೊದಲು ಸ್ವಲ್ಪ ವಿಜ್ಞಾನ ತಿಳಿಯೋಣ.

ಮಿಕ್ಸಿಂಗ್, ಮಾಸ್ಟರಿಂಗ್ ಎಂದರೇನು?

ಗಾಯಕರ ದನಿ, ತಬಲಾ, ಕೊಳಲುಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿ ರೆಕಾರ್ಡ್ ಮಾಡುತ್ತಾರೆ. ಯಾವುದು ಎಷ್ಟು ಜೋರಾಗಿರಬೇಕು, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಹೊಂದಿಸುವುದೇ ಮಿಕ್ಸಿಂಗ್. ಹೀಗೆ ಸಿದ್ಧವಾದ ಹಾಡು ಮೊಬೈಲ್, ಕಾರು, ಟಿವಿ ಎಲ್ಲೆಡೆ ಚೆನ್ನಾಗಿ ಕೇಳಿಸುವಂತೆ ಕೊನೆಯದಾಗಿ ತಿದ್ದುವುದು ಮಾಸ್ಟರಿಂಗ್.

ಹೆಡ್‌ಫೋನ್ ಗೆಲ್ಲುವುದು ಎಲ್ಲಿ?

ಸ್ಪೀಕರ್‌ನ ಶಬ್ದ ನೇರವಾಗಿ ಕಿವಿಗೆ ಬರುವುದರ ಜೊತೆಗೆ ಗೋಡೆ, ನೆಲ, ಚಾವಣಿಗೆ ಬಡಿದೂ ಬರುತ್ತದೆ. 50 ಹರ್ಟ್ಸ್ ಬೇಸ್ ತರಂಗದ ಉದ್ದ ಸುಮಾರು 7 ಮೀಟರ್. ನಮ್ಮ ಮನೆಗಳ ಕೋಣೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಹೊರಟ ತರಂಗ, ಮರಳಿದ ತರಂಗ ಒಂದರೊಳಗೊಂದು ಸೇರಿ, ಕೋಣೆಯ ಮೂಲೆಯಲ್ಲಿ ಬೇಸ್ ಗುಡುಗಿದರೆ ನಡುವೆ ಮಾಯವಾಗಬಹುದು. ಹೆಡ್‌ಫೋನ್‌ನಲ್ಲಿ ಕೋಣೆಯ ಈ ಕಾಟವಿಲ್ಲ. ಸಣ್ಣ ಕ್ಲಿಕ್, ಉಸಿರಿನ ಸದ್ದು, ಫ್ಯಾನಿನ ಗುಂಯ್‌ಗುಡುವಿಕೆಯೂ ಬೇಗ ಸಿಕ್ಕಿಬೀಳುತ್ತವೆ.

ಸೋಲುವುದು ಎಲ್ಲಿ?

ಬಲಗಡೆ ಸ್ಪೀಕರ್‌ನ ಶಬ್ದ ಎಡಗಿವಿಗೂ ತಲುಪುತ್ತದೆ. ಆದರೆ ತುಸು ಮೆಲ್ಲಗೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ. ಇಷ್ಟು ಸಣ್ಣ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಹೆಡ್‌ಫೋನ್‌ನಲ್ಲಾದರೆ ಎಡದ್ದು ಎಡಗಿವಿಗೆ, ಬಲದ್ದು ಬಲಗಿವಿಗೆ ಮಾತ್ರ. ಹಾಗಾಗಿ ಗಾಯಕ ಎದುರಿಗೆ ನಿಂತಂತಲ್ಲ, ತಲೆಯೊಳಗೇ ಹಾಡಿದಂತೆ ಅನಿಸುತ್ತದೆ. ಎಡ–ಬಲದ ಹಂಚಿಕೆ, ಪ್ರತಿಧ್ವನಿಯ ಪ್ರಮಾಣ ಅಂದಾಜು ತಪ್ಪುವುದು ಇಲ್ಲೇ. ಬೇಸ್ ಮೈಗೆ ತಟ್ಟುವ ಅನುಭವವೂ ಸಿಗುವುದಿಲ್ಲ. ಎಷ್ಟೇ ಬೆಲೆ ಕೊಟ್ಟರೂ ಇದು ಬದಲಾಗದು. ಎರಡೂ ಕಡೆಯ ಶಬ್ದವನ್ನು ಸ್ವಲ್ಪ ಬೆರೆಸುವ ‘ಕ್ರಾಸ್‌ಫೀಡ್’ ಸಾಫ್ಟ್‌ವೇರ್ ಕೊಂಚ ಮಟ್ಟಿಗೆ ನೆರವಾಗುತ್ತದೆ, ಅಷ್ಟೆ.

ಬೆಲೆಯೇ ಮುಖ್ಯವೇ?

ಗ್ರ್ಯಾಮಿ ಪುರಸ್ಕೃತ ಮಿಕ್ಸ್ ಎಂಜಿನಿಯರ್ ಆಂಡ್ರ್ಯೂ ಶೆಪ್ಸ್ ಹೆಡ್‌ಫೋನ್‌ನಲ್ಲೇ ಮಿಕ್ಸ್ ಮಾಡುವುದಕ್ಕೆ ಹೆಸರಾದವರು. ಅವರು ಬಳಸುವ ಸೋನಿ ಎಂಡಿಆರ್-7506 ಸ್ಟುಡಿಯೊ ಲೋಕದಲ್ಲಿ ದುಬಾರಿಯೇನಲ್ಲ. ಇತ್ತ 1978ರಲ್ಲಿ ಮನೆಬಳಕೆಗೆಂದು ಬಂದ ಯಮಹಾ ಎನ್‌ಎಸ್-10 ಸ್ಪೀಕರ್ ಮುಂದೆ ಜಗತ್ತಿನ ಸ್ಟುಡಿಯೊಗಳಲ್ಲೆಲ್ಲ ಜಾಗ ಪಡೆಯಿತು. ಬೆಲೆಗಿಂತ, ಆ ಉಪಕರಣದಲ್ಲಿ ಹಾಡುಗಳು ಹೇಗೆ ಕೇಳಿಸುತ್ತವೆ ಎಂಬ ಪಳಗಿದ ಅರಿವೇ ದೊಡ್ಡದು.

ಕಿವಿ ಜೋಪಾನ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ದಿನವಿಡೀ ಹೆಡ್‌ಫೋನ್ ಹಾಕಿ ಕೆಲಸ ಮಾಡುವವರು ವಾಲ್ಯೂಮ್ ತಗ್ಗಿಸಿ, ನಡುನಡುವೆ ಕಿವಿಗೆ ವಿರಾಮ ಕೊಡಬೇಕು.

ಹಾಗಾದರೆ ಸತ್ಯವೇನು?

ಅರ್ಧ ನಿಜ. ಹೆಡ್‌ಫೋನ್‌ನಲ್ಲಿ ಉತ್ತಮ ಮಿಕ್ಸ್ ಸಾಧ್ಯ. ಗೋಡೆಗಳು ಪ್ರತಿಧ್ವನಿಸುವ ಕೋಣೆಯಲ್ಲಿ ಅದೇ ಹೆಚ್ಚು ನಂಬಿಕಸ್ಥ. ಆದರೆ ಅದು ಸ್ಪೀಕರ್‌ನ ಪೂರ್ತಿ ಬದಲಿ ಅಲ್ಲ. ಸಾಲ ಮಾಡಿ ದುಬಾರಿ ಹೆಡ್‌ಫೋನ್ ಕೊಳ್ಳಬೇಕಿಲ್ಲ. ಇರುವುದರಲ್ಲೇ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡುಗಳನ್ನು ಕೇಳಿ ಪಳಗಿ. ನಿಮ್ಮ ಹಾಡು ಮುಗಿದ ಮೇಲೆ ಗೆಳೆಯರ ಕಾರಿನಲ್ಲಿ, ಟಿವಿಯಲ್ಲಿ, ಮೊಬೈಲ್ ಸ್ಪೀಕರ್‌ನಲ್ಲಿ ಹಾಕಿ ನೋಡಿ. ತಪ್ಪುಗಳು ಅಲ್ಲೇ ಗೊತ್ತಾಗುತ್ತವೆ, ಅದಕ್ಕೆ ಖರ್ಚೂ ಇಲ್ಲ.