ಹಳೇ ಸ್ವೆಟರ್ ಗಂಟು ಬೆಟ್ಟಕ್ಕೆ ಬೇಡ

ಬಿಳಿಗಿರಿರಂಗನ ಬೆಟ್ಟದ ನವೆಂಬರ್ ಚಳಿಗೆ ಎಷ್ಟು ದಪ್ಪದ ಜಾಕೆಟ್ ಬೇಕು? ಒಂದು ವಾರದಿಂದ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇದೇ ಚರ್ಚೆ. ಎರಡನೇ ಇಂಟರ್ನಲ್ಸ್ ಮುಗಿದ ಶನಿವಾರ ಮೈಸೂರಿನಿಂದ ಒಂಬತ್ತು ಜನ ಹೊರಡುವುದೆಂದು ನಿಶ್ಚಯವಾಗಿದೆ. ಅಷ್ಟರಲ್ಲೇ ಎರಡು ಪಟ್ಟಿಗಳು ತಯಾರು. ನಾವು ತೊಡುವುದು ಒಂದರಲ್ಲಿ: ಥರ್ಮಲ್, ಪಫರ್ ಜಾಕೆಟ್, ಉಣ್ಣೆ ಟೋಪಿ, ಗ್ಲೌಸ್. ಅಲ್ಲಿ ಕೊಟ್ಟು ಬರುವುದು ಇನ್ನೊಂದರಲ್ಲಿ: ಹಳೇ ಸ್ವೆಟರ್, ಹಳೇ ಜೀನ್ಸ್, ಹಳೇ ಟೀ ಶರ್ಟ್. ‘ಪಾಪ, ಸೋಲಿಗರಿಗೆ ಚಳಿಗಾಲಕ್ಕೆ ಆಗುತ್ತೆ’ ಎಂಬ ಸಾಲು, ಪಕ್ಕದಲ್ಲಿ ಕೈಮುಗಿದ ಇಮೋಜಿ. ನನಗೆ ಎರಡೂ ಪಟ್ಟಿಗಳ ಮೇಲೆ ತಕರಾರಿದೆ. ಮೊದಲನೆಯದರಿಂದ ದುಡ್ಡು ದಂಡ, ಅಷ್ಟೇ. ಎರಡನೆಯದು ಅದಕ್ಕಿಂತ ಕೆಟ್ಟದ್ದು.

ಮೊದಲ ಪಟ್ಟಿ ಮನಾಲಿಗೆ ಹೋಗುವವರದ್ದು, ಯಾರೋ ಹಾಗೇ ಎತ್ತಿ ಹಾಕಿದ್ದಾರೆ. ಬೆಟ್ಟದ ಗುಡಿ ಇರುವುದು ಸುಮಾರು ಐದು ಸಾವಿರ ಅಡಿ ಎತ್ತರದಲ್ಲಿ, ಕೆಳಗಿನ ಯಳಂದೂರಿಗಿಂತ ಎಂಟುನೂರು ಚಿಲ್ಲರೆ ಮೀಟರ್ ಮೇಲೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಅಂದರೆ ಮೇಲಕ್ಕೂ ಕೆಳಕ್ಕೂ ಐದಾರು ಡಿಗ್ರಿ ವ್ಯತ್ಯಾಸ. ಅದಕ್ಕೆ ಮೂರು ಸಾವಿರದ ಜಾಕೆಟ್ಟೇ? ಆ ಹೊತ್ತಿನಲ್ಲಿ ಅಲ್ಲಿ ನಡುಗಿಸುವುದು ಚಳಿಗಿಂತ ಹೆಚ್ಚಾಗಿ ಒದ್ದೆ. ಹಿಂಗಾರು ಮಳೆ ಚಾಮರಾಜನಗರದ ಕಡೆ ನವೆಂಬರಿನಲ್ಲೂ ಸುರಿಯುತ್ತದೆ. ನಮ್ಮಜ್ಜಿ ಸ್ವಾತಿ ಮಳೆ ಯಾವತ್ತಿಂದ, ವಿಶಾಖ ಯಾವತ್ತಿಂದ ಎಂದು ಕ್ಯಾಲೆಂಡರ್ ನೋಡದೆ ಊರು ಬಿಡುತ್ತಿರಲಿಲ್ಲ. ನಾವು ಫೋನಿನಲ್ಲಿ ಮಿನಿಮಮ್ ಟೆಂಪರೇಚರ್ ಮಾತ್ರ ನೋಡಿ ಗಾಬರಿಯಾಗುತ್ತೇವೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ ಎಂದು ಪರೀಕ್ಷೆಯಲ್ಲಿ ಬರೆಯುವ ಮೆಕ್ಯಾನಿಕಲ್ ವಿದ್ಯಾರ್ಥಿಗಳೇ ಬೆಟ್ಟಕ್ಕೆ ಜೀನ್ಸ್ ತೊಟ್ಟು ಹೊರಡುತ್ತಾರೆ. ಒಮ್ಮೆ ನೆನೆದ ಜೀನ್ಸ್ ಆ ಮಂಜಿನಲ್ಲಿ ಮರುದಿನಕ್ಕೂ ಒಣಗುವುದಿಲ್ಲ.

ಹಾಗಾಗಿ ನನ್ನ ಪಟ್ಟಿ ಚಿಕ್ಕದು. ರೇನ್‌ಕೋಟು. ಬೇಗ ಒಣಗುವ ಪ್ಯಾಂಟು. ದಪ್ಪದ್ದೊಂದರ ಬದಲು ಒಂದರ ಮೇಲೊಂದು ಹಾಕಲು ತೆಳು ಅಂಗಿ, ಸ್ವೆಟರು. ನಡುವೆ ಸಿಕ್ಕಿಕೊಳ್ಳುವ ಗಾಳಿಯೇ ಬೆಚ್ಚಗಿಡುತ್ತದೆ. ಮೂರು ಜೊತೆ ಸಾಕ್ಸು, ಒಂದು ಗಟ್ಟಿ ಶೂ. (ಕಾಡು ಸುತ್ತಿ ಸುತ್ತಿ ಚಪ್ಪಲಿ ಸವೆಯುತ್ತದೆಂದು ಭಕ್ತರು ರಂಗನಾಥನಿಗೇ ದೊಡ್ಡ ದೊಡ್ಡ ಚಪ್ಪಲಿ ಮಾಡಿಸಿ ಒಪ್ಪಿಸುತ್ತಾರೆ, ಇನ್ನು ನಮ್ಮದೇನು!) ಕೈಯಲ್ಲಿ ನಗದು, ಜೊತೆಗೆ ಗುರುತಿನ ಚೀಟಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಾದ ನಮಗೆ ಸರ್ಕಾರಿ ಬಸ್ಸಿನಲ್ಲಿ ಖರ್ಚು ಸೊನ್ನೆ. ಹುಡುಗರು ಮುಖ ಊದಿಸಿಕೊಂಡಿದ್ದಾರೆ. ಕತ್ತಲಾದ ಮೇಲೆ ಅರಣ್ಯದ ಚೆಕ್‌ಪೋಸ್ಟ್ ದಾಟಲು ಬಿಡುವುದಿಲ್ಲ, ಆದ್ದರಿಂದ ಬೆಳಗಿನ ಬಸ್ಸೇ ಸರಿ.

ಇನ್ನು ಎರಡನೇ ಪಟ್ಟಿ. ಸೋಲಿಗರೆಂದರೆ ಯಾರು ಎಂದು ಗ್ರೂಪಿನಲ್ಲಿ ಕೇಳಿದೆ. ‘ಕಾಡಲ್ಲಿರೋರು’ ಎಂದು ಉತ್ತರ ಬಂತು. ರಂಗನಾಥ ಅವರಿಗೆ ಭಾವ. ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನೆಂದು ಅವನನ್ನು ರಂಗಭಾವ ಎಂದೇ ಕರೆಯುತ್ತಾರೆ. ದೇವರೇ ನೆಂಟನಾಗಿರುವ ಮನೆಗೆ ನಾವು ಮೊಣಕಾಲು ಹರಿದ ಜೀನ್ಸ್ ಹಿಡಿದು ಹೋಗುವುದು! ಅದನ್ನೂ ನಾವು ಹರಿದಿದ್ದಲ್ಲ, ಹರಿದದ್ದನ್ನೇ ಕಾಸು ಕೊಟ್ಟು ಕೊಂಡದ್ದು.

1981ರಲ್ಲಿ ಡಾ. ಎಚ್. ಸುದರ್ಶನ್ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ, ಶಾಲೆ ಆ ಬೆಟ್ಟದ ಮೇಲಿವೆ. ಪಿಎಚ್‌ಡಿ ಮಾಡಿದ ಸೋಲಿಗರಿದ್ದಾರೆ. ಪೋಡುಗಳಲ್ಲಿ ಕಾಫಿ ಬೆಳೆಯುತ್ತಾರೆ. ಅಭಯಾರಣ್ಯವಾದ ಮೇಲೆ ಅವರ ಹಳೆಯ ಬೇಸಾಯ ನಿಂತಿತು, ನಡುವೆ ಕೆಲವು ವರ್ಷ ಜೇನು, ನೆಲ್ಲಿ ತಂದು ಮಾರುವುದಕ್ಕೂ ತಡೆ ಬಿತ್ತು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಸಮುದಾಯ ಹಕ್ಕನ್ನೂ ಪಡೆದರು. ಅವರು ಇಷ್ಟು ವರ್ಷ ಕೇಳಿದ್ದು ಹಕ್ಕು. ಯಾರ ಹಳೇ ಬಟ್ಟೆಯನ್ನೂ ಅಲ್ಲ.

‘ಎಲ್ಲರೂ ಪಿಎಚ್‌ಡಿ ಮಾಡಿಲ್ಲವಲ್ಲ, ಸ್ವೆಟರ್ ಇಲ್ಲದ ಮನೆ ಒಂದೂ ಇಲ್ಲವಾ?’ ಎಂದು ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಬಡತನ ಅಲ್ಲಿ ಖಂಡಿತ ಇದೆ. ಹಾಗಾದರೆ ಮೊದಲು ಕೇಳೋಣ. ಶಾಲೆಗೋ ಆಸ್ಪತ್ರೆಗೋ ಫೋನ್ ಮಾಡಿ ಏನು ಬೇಕು, ಯಾವ ಸೈಜು ಎಂದು ತಿಳಿದು, ಹೊಸದನ್ನೇ ಕೊಂಡು ಅವರ ಕೈಗೇ ಕೊಡೋಣ. ರಸ್ತೆ ಬದಿಯ ಮಕ್ಕಳಿಗೆ ಹಂಚಿ ಸೆಲ್ಫಿ ತೆಗೆಯುವುದು ಬೇರೆ. ಯಾರಿಗೂ ಆಗದ ಪಾಲಿಯೆಸ್ಟರ್ ಕೊನೆಗೆ ಕಾಡಿನ ಅಂಚಿಗೆ ಬೀಳದೆ ಎಲ್ಲಿಗೆ ಹೋಗುತ್ತದೆ?

ಪಡೆಯುವವರ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಕೊಳ್ಳೇಗಾಲದ ಕಡೆಯ ನಮ್ಮ ಹಳ್ಳಿ ಶಾಲೆಗೆ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಕಾರಿನಲ್ಲಿ ಬಂದವರು ಸ್ವೆಟರ್ ಹಂಚಿದರು. ಮಾರ್ಚ್ ತಿಂಗಳು. ನೆತ್ತಿ ಸುಡುವ ಬಿಸಿಲಿನಲ್ಲಿ ಕತ್ತಿನವರೆಗೆ ಗುಂಡಿ ಹಾಕಿಸಿ ಸಾಲಾಗಿ ನಿಲ್ಲಿಸಿದರು. ಯಾರೋ ಕಣ್ಣು ಮುಚ್ಚಿದರೆಂದು ಎರಡನೇ ಸಲ ಫೋಟೋ. ನಗಿ ನಗಿ ಎಂದರು. ನಕ್ಕೆವು. ಬೆನ್ನ ಮೇಲೆ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿತ್ತು. ನನ್ನದು ಅಳತೆಗೆ ದೊಡ್ಡದು. ಅಮ್ಮ ಅದನ್ನು ವರ್ಷಗಟ್ಟಲೆ ಒಲೆಯಿಂದ ಬಿಸಿ ಪಾತ್ರೆ ಇಳಿಸಲು ಬಳಸಿದಳು.

ಗ್ರೂಪಿಗೆ ನಾನು ಹಾಕಿರುವ ಪ್ರಸ್ತಾಪ ಇಷ್ಟೇ. ಜಾಕೆಟ್ಟಿನ ದುಡ್ಡು ಉಳಿಸಿ, ಬೆಟ್ಟದಲ್ಲಿ ಸೋಲಿಗರ ಲ್ಯಾಂಪ್ಸ್ ಸೊಸೈಟಿಯ ಜೇನನ್ನು ಕೇಳಿದ ಬೆಲೆಗೆ, ಚೌಕಾಸಿ ಮಾಡದೆ ಕೊಳ್ಳೋಣ. ಕಾಫಿಪುಡಿ ಸಿಕ್ಕರೆ ಅದನ್ನೂ. ಹೋಗುವಾಗ ಬ್ಯಾಗು ಅರ್ಧ ಖಾಲಿ ಇರಲಿ. ಬರುವಾಗ ನಮ್ಮ ಚಿಪ್ಸ್ ಕವರು, ನೀರಿನ ಬಾಟಲಿಗಳೂ ಅದರಲ್ಲೇ ವಾಪಸ್ ಬರಬೇಕು. ಅಷ್ಟಕ್ಕೂ ಹಳೇ ಸ್ವೆಟರ್ ತರಲೇಬೇಕು ಎನ್ನುವವರು ಒಂದೊಂದು ತನ್ನಿ. ಜೇನಿನ ಬಾಟಲಿ ಬಸ್ಸಿನ ಕುಲುಕಾಟಕ್ಕೆ ಒಡೆಯದಂತೆ ಸುತ್ತಲು ಬೇಕಾಗುತ್ತದೆ.