ಲಾಕ್ ಕೊಡಿ, ಕಾರ್ಡ್ ಕೊಡುವ ಮುನ್ನ ಯೋಚಿಸಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳೆಯ ಡಿಟಿಪಿ ಅಂಗಡಿಗಳ ನಿಜವಾದ ಬಂಡವಾಳ ಪ್ರಿಂಟರ್ ಅಲ್ಲ, ಪೇಜ್‌ಮೇಕರ್ ಫೈಲುಗಳು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಡಿಕೆ ವ್ಯಾಪಾರಿಗಳ ಬಿಲ್ ಪುಸ್ತಕ ಎಲ್ಲ ಅವುಗಳಲ್ಲೇ ಕೂತಿವೆ. ಹೋದ ಸಲದ ಮ್ಯಾಟರನ್ನೇ ತಿದ್ದಿಕೊಡಿ ಎಂದು ಗಿರಾಕಿ ಬಂದು ನಿಂತರೆ ಆ ಫೈಲು ತೆರೆಯಲೇಬೇಕು. ಆದರೆ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದು ಆರಾಮಾಗಿ ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು. ಒಳಗಿನ ಕನ್ನಡವೂ ಯೂನಿಕೋಡ್ ಅಲ್ಲ, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟು. ಲಾಕ್ ಜೊತೆ ಬಂದ ಶ್ರೀಲಿಪಿಯಾದರೆ, ಆ ಪುಟ್ಟ ಲಾಕನ್ನು ಕಂಪ್ಯೂಟರಿಗೆ ಸಿಕ್ಕಿಸದೆ ಕೆಲಸ ಶುರುವಾಗುವುದೇ ಇಲ್ಲ.

ಹಳೆಯ ಸಿಪಿಯು ಕೈಕೊಡುವ ಮೊದಲು ಎಕ್ಸ್‌ಪಿಯನ್ನು ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಮಷಿನ್ ಆಗಿ ಇಳಿಸಿಕೊಳ್ಳುವುದು ಒಂದು ದಾರಿ. ಹಾಗೆ ಇಳಿದ ಎಕ್ಸ್‌ಪಿಗೆ ಕಾಣುವ ಡಿಸ್ಕು, ಗ್ರಾಫಿಕ್ಸ್ ಕಾರ್ಡು, ನೆಟ್‌ವರ್ಕ್ ಎಲ್ಲವೂ ಸಾಫ್ಟ್‌ವೇರ್ ಸೃಷ್ಟಿಸಿದ ನಕಲು. ಫೈಲು ತೆರೆಯಲು ಅಷ್ಟು ಸಾಕು. ಲಾಕಿಗೆ ಮಾತ್ರ ನಕಲು ನಡೆಯದು. ನಿಜವಾದದ್ದನ್ನೇ ಒಳಗೆ ಕೊಡಬೇಕು. ಹೀಗೆ ಕೊಡುವುದಕ್ಕೆ ಪಾಸ್‌ತ್ರೂ ಎನ್ನುತ್ತಾರೆ.

ಕೊಡುವುದರ ಪರವಾಗಿ ಹೇಳಲು ಸಾಕಷ್ಟಿದೆ. ಡ್ರೈವರ್ ಸಿಗದೆ ಮೂಲೆ ಸೇರಿದ ಸ್ಕ್ಯಾನರ್ ಎಕ್ಸ್‌ಪಿಯ ಒಳಗೆ ಮತ್ತೆ ಜೀವ ಪಡೆಯಬಹುದು. ಎರಡು ಕಂಪ್ಯೂಟರ್ ಇಡುವ ಕಡೆ ಒಂದೇ ಸಾಕು. ಕರೆಂಟು ಹೋದಾಗ ಯುಪಿಎಸ್ ಎಳೆಯಬೇಕಾದ್ದೂ ಒಂದೇ. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋದವರಿಗೆ ಆಸೆ ಇನ್ನೂ ದೊಡ್ಡದು: ಹೊರಗೆ ಲಿನಕ್ಸ್, ಒಳಗೆ ವಿಂಡೋಸ್, ಆ ವಿಂಡೋಸಿಗೆ ಇಡೀ ಗ್ರಾಫಿಕ್ಸ್ ಕಾರ್ಡ್. ಲಿನಕ್ಸ್‌ನಲ್ಲಿ ಇದಕ್ಕೆ ಬೇಕಾದ ವಿಎಫ್ಐಒ ವ್ಯವಸ್ಥೆ 2012ರಿಂದ ಇದೆ. ನಕಲಿ ಕಾರ್ಡಿನಲ್ಲಿ ತೆವಳುವ ಎಡಿಟಿಂಗ್, ನಿಜವಾದ ಕಾರ್ಡ್ ಕೈಗೆ ಸಿಕ್ಕರೆ ಬೇರೆಯೇ ಕಂಪ್ಯೂಟರಿನಲ್ಲಿ ನಡೆದಷ್ಟೇ ವೇಗವಾಗಿ ನಡೆಯುತ್ತದೆ. ಬಹುಕಾಲ ವರ್ಚುವಲ್ ಮಷಿನ್ ಎಂದು ಗೊತ್ತಾದ ಕೂಡಲೇ ಮುಷ್ಕರ ಹೂಡುತ್ತಿದ್ದ ಎನ್‌ವಿಡಿಯಾದ ಜಿಫೋರ್ಸ್ ಡ್ರೈವರ್ ಕೂಡ 2021ರಲ್ಲಿ ಹಟ ಬಿಟ್ಟಿತು.

ಹಾಗಂತ ಎಲ್ಲ ಪಾಸ್‌ತ್ರೂ ಒಂದೇ ಅಲ್ಲ. ಈ ವ್ಯತ್ಯಾಸ ತಿಳಿಯದೆ ಕೈಹಾಕಿದವರೇ ಹೆಚ್ಚು ಒದ್ದಾಡುವುದು. ಯುಎಸ್‌ಬಿ ಲಾಕ್ ಕೊಟ್ಟಾಗ ವರ್ಚುವಲ್ ಮಷಿನ್ ನಡೆಸುವ ಸಾಫ್ಟ್‌ವೇರ್ ನಡುವೆ ಇದ್ದೇ ಇರುತ್ತದೆ. ಪ್ರತಿ ಮಾತೂ ಅದರ ಮೂಲಕವೇ ಹೋಗಬೇಕು. ಲಾಕ್ ಒಳಗಿರುವಷ್ಟು ಹೊತ್ತು ಹೊರಗಿನ ವಿಂಡೋಸಿಗೆ ಕಾಣದು, ನಷ್ಟ ಅಷ್ಟೇ. ಕಾರ್ಡಿನ ಕಥೆ ಬೇರೆ. ಗ್ರಾಫಿಕ್ಸ್ ಕಾರ್ಡು, ನೆಟ್‌ವರ್ಕ್ ಕಾರ್ಡುಗಳು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿ ಓದಿ ಬರೆಯುತ್ತವೆ. ಅಂಥದ್ದನ್ನು ಒಳಗಿನವನಿಗೆ ಒಪ್ಪಿಸಿದರೆ ಅವನಿಗೆ ಹೊರಗಿನ ಮೆಮೊರಿಯೂ ಕೈಗೆಟುಕುತ್ತದೆ. ತಡೆಯುವುದು ಐಒಎಂಎಂಯು ಎಂಬ ಕಾವಲು. ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಡಿ, ಎಎಂಡಿಯಲ್ಲಿ ಎಎಂಡಿ-ವಿಐ. ಬಯಾಸ್‌ನಲ್ಲಿ ಅದು ಚಾಲೂ ಇರಬೇಕು. ಕಿಂಡಿಗೆ ಕಾವಲು ಏಕೆ ಎಂದು ದುರ್ಗದವರಿಗೆ ಹೇಳಿಕೊಡಬೇಕಿಲ್ಲ.

ಕಾವಲಿದ್ದರೂ ತೊಡಕು ಮುಗಿಯದು. ಅಗ್ಗದ ಮದರ್‌ಬೋರ್ಡ್‌ಗಳಲ್ಲಿ ನಾಲ್ಕಾರು ಭಾಗಗಳು ಒಂದೇ ಗುಂಪಿನಲ್ಲಿ ಸಿಕ್ಕಿಕೊಂಡಿರುತ್ತವೆ. ಒಂದನ್ನು ಒಳಗೆ ಕೊಡಲು ಹೊರಟರೆ ಉಳಿದವನ್ನೂ ಹೊರಗಿನವನು ಬಿಡಬೇಕು. ಗುಂಪು ಒಡೆದಂತೆ ತೋರಿಸುವ ಪ್ಯಾಚ್ ಇದೆ, ಆದರೆ ಅದು ಕಾವಲನ್ನೇ ಸಡಿಲಿಸುತ್ತದೆ. ಒಳಗಿನ ಯಂತ್ರಕ್ಕೆ ಮೀಸಲಿಟ್ಟ ಮೆಮೊರಿ ಪೂರ್ತಿ ಕಟ್ಟಿಬೀಳುತ್ತದೆ: 16 ಜಿಬಿಯಲ್ಲಿ 8 ಕೊಟ್ಟರೆ ಒಳಗಿನವನು ಸುಮ್ಮನೆ ಕೂತಿದ್ದರೂ ಆ 8 ವಾಪಸ್ ಬರುವುದಿಲ್ಲ. ನಡೆಯುತ್ತಿರುವ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಕೆಟ್ಟರೆ ಹಿಂದಕ್ಕೆ ಹೋಗುವ ಸೌಕರ್ಯವೂ ಸಾಮಾನ್ಯವಾಗಿ ಹೋಗುತ್ತದೆ. ವರ್ಚುವಲ್ ಮಷಿನ್ ಬೇಕೆನಿಸುವುದೇ ಅದಕ್ಕಾಗಿ ತಾನೆ? ವರ್ಚುವಲ್ ಮಷಿನ್ ನಡೆಸುವ ಸಾಫ್ಟ್‌ವೇರ್‌ಗಳಲ್ಲೊಂದಾದ ವರ್ಚುವಲ್‌ಬಾಕ್ಸ್ ತನ್ನ 6.1ನೇ ಆವೃತ್ತಿಯಲ್ಲಿ ಪಿಸಿಐ ಪಾಸ್‌ತ್ರೂವನ್ನೇ, ಅಂದರೆ ಹೀಗೆ ಕಾರ್ಡ್ ಕೊಡುವ ಸೌಕರ್ಯವನ್ನೇ, ಕೈಬಿಟ್ಟಿತು.

ಡಿಟಿಪಿಯವರಿಗೆ ಗ್ರಾಫಿಕ್ಸ್ ಕಾರ್ಡ್ ಕೊಡುವುದಂತೂ ವ್ಯರ್ಥ. ಈಗಿನ ಕಾರ್ಡುಗಳಿಗೆ ಎಕ್ಸ್‌ಪಿ ಡ್ರೈವರೇ ಇಲ್ಲ, ಲಗ್ನಪತ್ರಿಕೆಗೆ ಆ ಶಕ್ತಿಯೂ ಬೇಡ. ನೆಟ್‌ವರ್ಕ್ ಕಾರ್ಡ್ ಕೊಡುವುದು ಅದಕ್ಕಿಂತ ಕೆಟ್ಟದ್ದು. ಭದ್ರತಾ ಪರಿಷ್ಕರಣೆ ನಿಂತುಹೋದ ಎಕ್ಸ್‌ಪಿ ಅಂತರ್ಜಾಲಕ್ಕೆ ಹೋಗಲೇಬಾರದು. ಲಾಕ್, ಸ್ಕ್ಯಾನರ್‌ಗಳನ್ನು ಯುಎಸ್‌ಬಿಯಲ್ಲಿ ಕೊಡಿ, ಅಷ್ಟಕ್ಕೆ ನಿಲ್ಲಿಸಿ. ಸ್ಟುಡಿಯೋದವರಿಗೆ ನನ್ನ ಮಾತು ಇಷ್ಟು ಬಿಗಿಯಲ್ಲ. ಕಂಪ್ಯೂಟರಿನಲ್ಲಿ ಎರಡು ಗ್ರಾಫಿಕ್ಸ್ ಇದ್ದು, ಕೆಟ್ಟರೆ ರಿಪೇರಿ ಮಾಡುವ ಹುಡುಗ ಊರಲ್ಲೇ ಇದ್ದರೆ ಕಾರ್ಡ್ ಕೊಟ್ಟು ನೋಡಬಹುದು. ಒಂದೇ ಕಾರ್ಡಿನ ಕಂಪ್ಯೂಟರಿನಲ್ಲಿ, ಲಗ್ನದ ಸೀಸನ್ನಿನಲ್ಲಿ ಮಾತ್ರ ಬೇಡ.

ಇನ್ನೊಂದು ಮಾತು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಳೆಯ ಕಾಲದ ಲಾಕ್ ನಿಮ್ಮದಾದರೆ, ಯುಎಸ್‌ಬಿಗೆ ಬದಲಿಸುವ ಅಗ್ಗದ ಕೇಬಲ್ ನಂಬಬೇಡಿ. ಅವು ಪ್ರಿಂಟರ್‌ಗೆಂದು ಮಾಡಿದವು, ಲಾಕನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಒಳಗಿನ ಎಕ್ಸ್‌ಪಿಯಲ್ಲಿ ಒಂದು ಪೂರ್ತಿ ಕೆಲಸ, ಫೈಲು ತೆರೆದಲ್ಲಿಂದ ಕಾಗದ ಹೊರಬರುವವರೆಗೆ, ಮುಗಿಯುವ ತನಕ ಹಳೆಯ ಸಿಪಿಯುವನ್ನು ಗುಜರಿಗೆ ಹಾಕಬೇಡಿ.