ರಾತ್ರಿ ಸೈಟಿನಲ್ಲಿ ಒಬ್ಬನೇ ಇದ್ದರೆ ಕೂಗು ಯಾರಿಗೆ ಕೇಳಬೇಕು?

ತಿರುಪ್ಪೂರು ಎಂದರೆ ನಮ್ಮಂಥ ಬಟ್ಟೆ ವ್ಯಾಪಾರಿಗಳಿಗೆ ಬನಿಯನ್, ಟೀ-ಶರ್ಟಿನ ಊರು. ಆದರೆ ಅಲ್ಲಿಗೂ ಪಕ್ಕದ ಕೊಯಮತ್ತೂರಿಗೂ ಕಟ್ಟಡ ಕೆಲಸಕ್ಕೆ ಹೊರಗಿನಿಂದ ಬರುವವರು ಬಹಳ.

2023ರ ಜುಲೈ 4ರ ಸಂಜೆ ಕೊಯಮತ್ತೂರಿನ ಕುನಿಯಮುತ್ತೂರು ಬಳಿ ಕಾಲೇಜೊಂದರ ಹಳೆಯ ಕಾಂಪೌಂಡ್ ಗೋಡೆ ಕುಸಿದು ವಲಸೆ ಕಾರ್ಮಿಕರು ಪ್ರಾಣ ಕಳಕೊಂಡರು. ಪಕ್ಕದಲ್ಲೇ ಹೊಸ ಗೋಡೆಯ ಕೆಲಸ ನಡೆದಿತ್ತು. ಅಲ್ಲಿ ಜನ ಇದ್ದರು, ಸುದ್ದಿ ಕೂಡಲೇ ಹೊರಬಿತ್ತು. ರಾತ್ರಿ ಒಬ್ಬನೇ ಇರುವವನಿಗೆ ಹೀಗಾದರೆ ಬೆಳಗ್ಗೆ ಮೇಸ್ತ್ರಿ ಬಂದ ಮೇಲೆಯೇ ಗೊತ್ತಾಗುವುದು.

ವಾಚ್‌ಮನ್ ಅಂತ ಸೇರಿಸಿಕೊಳ್ಳುತ್ತಾರೆ, ಆಮೇಲೆ ಸ್ಲ್ಯಾಬಿಗೆ ನೀರು ಬಿಡು, ಮೋಟಾರ್ ಹಾಕು ಎನ್ನುತ್ತಾರೆ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವುದು, ತಡೆ ಇಲ್ಲದ ಲಿಫ್ಟ್ ಗುಂಡಿಯ ಪಕ್ಕ ಮೊಬೈಲ್ ಬೆಳಕಿನಲ್ಲಿ ನಡೆಯುವುದು, ಇದು ಕಾವಲಿನ ಕೆಲಸವೇ ಅಲ್ಲ. ಇನ್ನೊಬ್ಬನಿಗೆ ಸಂಬಳ ಕೊಡುವುದು ತಪ್ಪಿತು ಅಂತ ಮಾಲಕರಿಗೆ ಲಾಭ, ಅಷ್ಟೇ. ಆ ಕೆಲಸ ಹಗಲಿಗೇ ಇರಲಿ ಎಂದು ಸೇರುವ ಮೊದಲೇ ಹೇಳಬೇಕು. ಎರಡನೇ ಜನ ಸಿಗದಿದ್ದರೆ ಗಂಟೆಗೊಮ್ಮೆ ಫೋನ್ ಮಾಡುವವನೊಬ್ಬ ಬೇಕು. ಫೋನ್ ಎತ್ತದಿದ್ದರೆ ಆತ ಯಾರನ್ನು ಓಡಿಸಬೇಕು ಎಂಬುದೂ ಗೊತ್ತಿರಬೇಕು.

ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಲು ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಹಾಜರಿ ಪುಸ್ತಕದ ಫೋಟೋ ತೆಗೆದಿಡಿ.

108ಕ್ಕೆ ಫೋನ್ ಮಾಡಿದರೆ ಮೊದಲು ಕೇಳುವುದು ಜಾಗ. ಹೊಸ ಲೇಔಟಿಗೆ ಎಲ್ಲಿಯ ವಿಳಾಸ? ಬ್ಯಾರಿ ಮಾತಾಡುವವರಿಗೆ ತಮಿಳು ತೀರಾ ದೂರದ್ದಲ್ಲ, ಆದರೂ ಗಾಬರಿಯಲ್ಲಿ ಬಾಯಿಗೆ ಬರುವುದಿಲ್ಲ. ಹತ್ತಿರದ ಬಸ್‌ಸ್ಟಾಪ್, ಶಾಲೆ, ರಸ್ತೆಯ ಹೆಸರನ್ನು ಅಲ್ಲಿಯವರ ಬಾಯಿಂದಲೇ ಕೇಳಿ, ಕನ್ನಡ ಅಕ್ಷರದಲ್ಲಿ ಬರೆದು ಸ್ವಿಚ್‌ಬೋರ್ಡಿನ ಪಕ್ಕ ಅಂಟಿಸಿಡಿ.